ಕ್ಲಚ್ಚಿನ ಮೇಲಿನ ಕಾಲು

ಶಿವಶರಣಪ್ಪ ಪಾಟೀಲನ ಎಡಗಾಲಿಗೆ ಒಂದು ಚಟವಿತ್ತು. ಜೀಪಿನಲ್ಲಿ ಕೂತನೆಂದರೆ ಸಾಕು, ಅದು ನೆಟ್ಟಗೆ ಹೋಗಿ ಕ್ಲಚ್ಚಿನ ಮೇಲೆ ಕೂರುತ್ತಿತ್ತು. ಗಾಡಿ ನಿಂತು ಅವನು ಕೆಳಗಿಳಿಯುವ ತನಕ ಅಲ್ಲಿಂದ ಏಳುತ್ತಿರಲಿಲ್ಲ. ಗೇರು ಬದಲಿಸುವಾಗ ಒತ್ತಿ, ಬದಲಿಸಿದ ಮೇಲೆ ಬಿಟ್ಟುಬಿಡಬೇಕಾದ ಪೆಡಲು ಅದು. ಅದರ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಒಳಗಿನ ಪ್ಲೇಟು ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ, ಉಜ್ಜಿ ಉಜ್ಜಿ ಸುಟ್ಟುಹೋಗುತ್ತದೆ. ಡ್ರೈವರ್ ಬಸಣ್ಣ ಇದನ್ನು ಕೈಮುಗಿದು ಹೇಳಿದ್ದ. "ಗಾಡಿ ನಂದು, ಕಾಲೂ ನಂದು. ನಿಂದೇನ ಹೋಗತದ?" ಎಂದು ಪಾಟೀಲ ಅವನ ಬಾಯಿ ಮುಚ್ಚಿಸಿದ್ದ. ಇಡೀ ಊರಿನ ಮೇಲೆಯೇ ಒಂದು ಕಾಲಿಟ್ಟುಕೊಂಡು ಬೆಳೆದವನಿಗೆ ಒಂದು ಪೆಡಲಿನಿಂದ ಕಾಲು ತೆಗೆಯಿರಿ ಎಂದರೆ ಎಲ್ಲಿ ತಲೆಗೆ ಹೋದೀತು!

ಅದು ಮಿಲಿಟರಿಯವರು ಹರಾಜು ಹಾಕಿದ ಜೀಪು. ಪುಣೆಯಿಂದ ತಂದು, ಮೇಲಿನ ಟಪ್ಪು ಕಿತ್ತು, ಹಿಂದೆ ನಿಲ್ಲುವವರಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿದ್ದ. ಅದು ಒಂದು ದಿನವೂ ಗೊಬ್ಬರ ಹೊರಲಿಲ್ಲ, ಜೋಳದ ಚೀಲ ಹೊರಲಿಲ್ಲ. ಸೊಲ್ಲಾಪುರ-ಅಕ್ಕಲಕೋಟೆ ರಸ್ತೆಯ ಕುಂಭಾರಿಯಿಂದ ಒಳಗೆ ಇದ್ದ ಅವನ ಊರಿನ ಸುತ್ತ ಕಣ್ಣು ಹಾಯುವಷ್ಟು ಬಯಲು, ಬಯಲಿನ ತುಂಬ ಚಿಗರಿ ಜಿಂಕೆಗಳು. ಚಿಗರಿ ಬೆನ್ನಟ್ಟುವುದಕ್ಕೆ ಮಾತ್ರ ಆ ಜೀಪು. ಬೇಟೆ ಆಡಬಾರದೆಂದು ಸರಕಾರ ಕಾಯಿದೆ ತಂದು ವರ್ಷ ಎರಡಾಗಿತ್ತು. ಪಾಟೀಲ ಕಾಯಿದೆಗೆ ತಲೆಬಾಗಿ ಬಂದೂಕು ಗೋಡೆಗೆ ತೂಗುಹಾಕಿದ್ದ. ಈಗ ಅವನು ಚಿಗರಿಯನ್ನು ಬರೀ ಓಡಿಸುತ್ತಿದ್ದ. ಹಿಂಡಿನಿಂದ ಒಂದನ್ನು ಬೇರೆ ಮಾಡಿ, ಅದರ ಹಿಂದೆ ಬಿದ್ದು, ಬಾಯಲ್ಲಿ ನೊರೆ ಬಂದು ಅದು ತಾನಾಗಿ ಮಗುಚಿ ಬೀಳುವ ತನಕ ಓಡಿಸುವುದು. "ನಾ ಏನ ಗುಂಡ ಹಾರಿಸೀನೇನು? ನಾ ಗಾಡಿ ಓಡಿಸಿದ್ಯಾ, ಅದು ತಾನ ಓಡ್ತು, ತಾನ ಬಿತ್ತು" ಎನ್ನುತ್ತಿದ್ದ. ಕಾಯಿದೆಯ ಯಾವ ಸಾಲಿಗೂ ತಾನು ಸಿಗೆನೆಂದುಕೊಂಡು ಕೊಲ್ಲುವುದರಲ್ಲಿ ಅವನಿಗೆ ಗುಂಡು ಹೊಡೆಯುವುದಕ್ಕಿಂತ ಹೆಚ್ಚಿನ ಸುಖ ಸಿಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಸ್ತ ಮಳೆ ಹೊಡೆದು ಬಿಟ್ಟಿದ್ದ ಒಂದು ಬೆಳಿಗ್ಗೆ ಹೀಗೇ ಒಂದು ಕರೀ ಗಂಡು ಚಿಗರಿಯ ಹಿಂದೆ ಬಿದ್ದ. ಅದು ಬದುವು ಹಾರಿ ಎರೆಹೊಲಕ್ಕೆ ಇಳಿಯಿತು. ಪಾಟೀಲನೂ ಇಳಿದ. ಚಿಗರಿ ದಾಟಿತು, ಜೀಪು ಹೂತಿತು. ಅವನು ಗುರ್ರೆಂದು ಎಕ್ಸಿಲೇಟರ್ ಒತ್ತಿದ. ಎಡಗಾಲು ತನ್ನ ಜಾಗ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿದ್ದ ಬಸಣ್ಣ, "ಕಾಲ ಎತ್ರಿ ಸಾವಕಾರ್ರ, ಕಾಲ ಎತ್ರಿ" ಎಂದು ಅಳುವುದೊಂದು ಬಾಕಿ. ಸ್ವಲ್ಪ ಹೊತ್ತಿಗೆ ಸುಟ್ಟ ಕೂದಲಿನಂಥ ವಾಸನೆ ಬಂತು, ತಳದಿಂದ ಹೊಗೆ ಎದ್ದಿತು. ಆಮೇಲೆ ಇಂಜಿನ್ ಎಷ್ಟು ಅರಚಿದರೂ ಗಾಲಿ ತಿರುಗಲಿಲ್ಲ. ಚಿಗರಿ ಅಷ್ಟು ದೂರದಲ್ಲಿ ನಿಂತು ಒಮ್ಮೆ ಇತ್ತ ನೋಡಿ, ಮೇಯತೊಡಗಿತು.

ಹತ್ತಿರದಲ್ಲಿ ಎತ್ತು ಇದ್ದದ್ದು ಒಬ್ಬನ ಹೊಲದಲ್ಲಿ ಮಾತ್ರ. ಅವನು ಭೀಮಶಾ, ಪಾಟೀಲನ ದೊಡ್ಡಪ್ಪನ ಮಗ. ಇಬ್ಬರ ನಡುವೆ ಒಂದು ಬದುವಿನ ವ್ಯಾಜ್ಯವಿತ್ತು, ವರ್ಷಗಟ್ಟಲೆ ಮಾತಿರಲಿಲ್ಲ. ಆದರೂ ಭೀಮಶಾ ನಗುನಗುತ್ತಲೇ ಬಂದ. ತನ್ನ ಖಿಲಾರಿ ಎತ್ತಿನ ಜೋಡಿಯನ್ನು ಜೀಪಿಗೆ ಕಟ್ಟುವ ಮುಂಚೆ ಮನೆಗೆ ಆಳು ಓಡಿಸಿ, ಕಾರಹುಣ್ಣಿಮೆಗೆ ಕಟ್ಟಿದ್ದ ಕೋಡಿನ ಗೊಂಡೆ, ಗೆಜ್ಜೆಪಟ್ಟಿ ಎಲ್ಲ ತರಿಸಿದ. ಹಲಗೆ ಬಡಿಯುವವನೂ ಬಂದ. ಊರಿಗೆ ಹೊಲದೊಳಗಿಂದಲೇ ದಾರಿಯಿತ್ತು. "ಆ ಕಡೆ ಕೆಸರು ಭಾಳ ಐತಿ, ಡಾಂಬರಿ ರಸ್ತೆ ಹಿಡದ ಹೋಗೂಣು" ಎಂದು ಭೀಮಶಾ ಮೆರವಣಿಗೆಯನ್ನು ಕುಂಭಾರಿ ಸ್ಟ್ಯಾಂಡಿಗೇ ತಂದ. ಅಲ್ಲಿ ಅಕ್ಕಲಕೋಟೆಗೆ ಹೋಗುವ ಬಸ್ಸೊಂದು, ಸೊಲ್ಲಾಪುರಕ್ಕೆ ಹೋಗುವ ಬಸ್ಸೊಂದು ಎದುರುಬದುರು ನಿಂತಿದ್ದವು. ಎರಡರ ಕಿಟಕಿಯಿಂದಲೂ ತಲೆಗಳು ಹೊರಬಂದವು. "ಪಾಟೀಲ್ರ, ಎತ್ತಿಗೆ ಪೆಟ್ರೋಲ್ ಹಾಕ್ತೀರೋ, ಜೀಪಿಗೆ ಕಣಿಕಿ ಹಾಕ್ತೀರೋ?" ಎಂದು ಯಾರೋ ಕೂಗಿದರು. ನಗು ಎರಡು ಬಸ್ಸಿನ ನಡುವೆ ಸಿಕ್ಕಿಕೊಂಡು ಹೊರಗೆ ಹೋಗಲು ದಾರಿ ಕಾಣದಂತೆ ಅಲ್ಲೇ ಸುತ್ತಿತು. ಪಾಟೀಲ ಸ್ಟೇರಿಂಗ್ ಹಿಡಿದು ಮುಂದೆ ಆಡುವ ಎತ್ತಿನ ಬಾಲ ನೋಡುತ್ತ ಕೂತಿದ್ದ. ಅಂಥ ನಾಚಿಕೆ ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಮನೆ ಮುಟ್ಟಿದ ಕೂಡಲೇ ಮಾಡಿದ ಮೊದಲ ಕೆಲಸ, ಬಸಣ್ಣನ ಕೆನ್ನೆಗೆ ಬಾರಿಸಿದ್ದು. ವಾಡೆಯ ಅಂಗಳದಲ್ಲಿ, ಆಳುಹೋಳುಗಳೆಲ್ಲ ನೋಡುವಂತೆ. "ಈ ಹರಾಮಖೋರ ನನ್ನ ಗಾಡಿ ಕ್ಲಚ್ ಸುಟ್ಟ" ಎಂದ. ಬಸಣ್ಣ ಕೆನ್ನೆ ಹಿಡಿದುಕೊಂಡು ಜೀಪನ್ನು ನೋಡಿದ, ಪಾಟೀಲನ ಕಾಲನ್ನು ನೋಡಿದ, ಗಂಟುಮೂಟೆ ಕಟ್ಟಿ ಸೊಲ್ಲಾಪುರದ ಬಸ್ಸು ಹತ್ತಿದ. ಆ ರಾತ್ರಿ ಊಟಕ್ಕೆ ಕೂತಾಗ ಪಾಟೀಲ ಹೆಂಡತಿ ಅಕ್ಕನಾಗಮ್ಮನ ಮುಂದೆ ತಟ್ಟೆ ಮುಟ್ಟಿ ಆಣೆ ಇಟ್ಟ: "ಇನ್ನೊಮ್ಮೆ ಈ ಗಾಡಿ ಎತ್ತಿನ ಹಿಂದ ಹೋತಂದ್ರ ನಾ ನಮ್ಮಪ್ಪಗ ಹುಟ್ಟಿದವನ ಅಲ್ಲ." ಅಕ್ಕನಾಗಮ್ಮನ ತವರು ಅಕ್ಕಲಕೋಟೆ. ಗಂಡ ಎತ್ತಿನ ಹಿಂದೆ ಬಂದ ಸುದ್ದಿ ಅವನು ಮನೆ ಮುಟ್ಟುವ ಮುಂಚೆಯೇ ಆ ಬಸ್ಸಿನಲ್ಲಿ ತವರು ಮುಟ್ಟಿತ್ತೆಂದು ಅವಳಿಗೆ ಗೊತ್ತಿತ್ತು. ಅವಳು ರೊಟ್ಟಿ ಹಾಕಿ ಒಳಗೆ ಹೋದಳು.

ಜೀಪನ್ನು ಕುಂಭಾರಿಯ ಕಣ್ಣ ಮುಂದೆ ಮತ್ತೆ ಸೊಲ್ಲಾಪುರಕ್ಕೆ ಎಳೆಸಿಕೊಂಡು ಹೋಗುವಂತಿಲ್ಲ, ಅದಕ್ಕೆ ಸೊಲ್ಲಾಪುರದ ಮೇಸ್ತ್ರಿಯೇ ಬಂದ. ಹೆಸರು ವಿಶ್ವನಾಥ. ಮೂರು ತಲೆಮಾರಿನಿಂದ ಕಚೇರಿಯಲ್ಲಿ ಲೇಖನಿ ಹಿಡಿದವರ ಮನೆಯ ಹುಡುಗ, ಹಟ ಹಿಡಿದು ನಟ್ಟು ಬಿಗಿಯುವ ಪಾನಾ ಹಿಡಿದಿದ್ದ. ಕ್ಲಚ್ಚಿನ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಪೇಟೆಯಲ್ಲಿ ಹೆಸರಿತ್ತು. ಆ ಹೆಸರನ್ನು ದಿನಕ್ಕೆ ನಾಲ್ಕು ಸಲ ತಾನೇ ಹೇಳಿಕೊಳ್ಳುತ್ತಿದ್ದ. ಬಾಯಿ ಬಹಳ. ಮನೆಮಾತು ಕನ್ನಡವೇ, ಆದರೆ ಮೇಸ್ತ್ರಿ ಆದಂದಿನಿಂದ ಅವನಿಗೆ ಮರಾಠಿಯ ಠೀವಿ ಹತ್ತಿತ್ತು. ನೀವು ಕನ್ನಡದಲ್ಲಿ ಕೇಳಿ, ಅವನು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ. ಎಲ್ಲದಕ್ಕೂ ಒಂದು "ಹೋ". ಚಹಾ ಬೇಕೇನು? ಹೋ. ಗೇರ್‌ಬಾಕ್ಸ್ ಇಳಿಸಬೇಕೇನು? ಹೋ. ಇವತ್ತೇ ಆಗತದೇನು? ಹೋ, ಹೋ.

"ಹೋ ಹೋ ಅನಬ್ಯಾಡ, ನನಗೇನ ಎತ್ತ ಅನ್ಕೊಂಡೀಯೇನು?" ಎಂದು ಪಾಟೀಲ ಒಮ್ಮೆ ಗದರಿದ.

ವಿಶ್ವನಾಥ ಜೀಪಿನ ಕೆಳಗಿನಿಂದಲೇ ನಕ್ಕ. "ಎತ್ತಿಗೆ ಹೋ ಅಂದ್ರ ನಿಂದರತದ, ಪಾಟೀಲ. ತುಮ್ಹಿ ಎಲ್ಲಿ ನಿಂದರತೀರಿ?"

ಹೊರಗಿನವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಹೋ ಎಂಬುದು ಮೂರು. ಮರಾಠಿಯಲ್ಲಿ ಹೋ ಎಂದರೆ ಹೌದು. ಕನ್ನಡದಲ್ಲಿ ಹೋ ಎಂದರೆ ಹೋಗು, ಅದೂ ಸ್ವಲ್ಪ ಸಿಟ್ಟಿನಲ್ಲಿ. ಎತ್ತಿಗೆ ಹೋ ಎಂದರೆ ನಿಲ್ಲು. ಈ ಮೂರನ್ನೂ ಒಂದೇ ಬಾಯಿಂದ ಹೊತ್ತು ಮೂಡಿ ಮುಳುಗುವ ತನಕ ಅನ್ನುತ್ತೇವೆ, ಕೇಳುತ್ತೇವೆ, ಯಾರೂ ಎಡವುವುದಿಲ್ಲ. ಮೊಲೆ ಕುಡಿಯುವ ಕೂಸಿಗೂ ಯಾವ ಹೋ ಯಾವುದೆಂದು ತಿಳಿಯುತ್ತದೆ. ಶಿವಶರಣಪ್ಪ ಪಾಟೀಲನಂತೂ ಮರಾಠಿ ಸಾಲೆಯಲ್ಲಿ ಕಲಿತವನು, ಮರಾಠಿಯಲ್ಲೇ ಕೋರ್ಟು ಹತ್ತಿ ಇಳಿದವನು.

ವಾಡೆಯ ಮುಂದಿನ ಬೇವಿನ ಮರದ ಕೆಳಗೆ ಕೆಲಸ ನಡೆಯಿತು. ವಿಶ್ವನಾಥ ಸೀಟು ಕಿತ್ತ, ಕಾಲ ಕೆಳಗಿನ ತಗಡು ಬಿಚ್ಚಿದ, ಮರದ ಕೊಂಬೆಗೆ ಹಗ್ಗ ಹಾಕಿ ಗೇರ್‌ಬಾಕ್ಸನ್ನು ಹಸುಗೂಸನ್ನು ಇಳಿಸಿದ ಹಾಗೆ ಇಳಿಸಿದ. ನೋಡಲು ಊರೇ ನೆರೆದಿತ್ತು. ಭೀಮಶಾ ಕೂಡ ಎದುರುಗಟ್ಟೆಯ ಮೇಲೆ ಬಂದು ಕಾಲು ಚಾಚಿ ಕೂತಿದ್ದ. ಕಟ್ಟೆ ಊರಿನದು, ಏಳು ಎನ್ನುವಂತಿರಲಿಲ್ಲ.

ಸುಟ್ಟ ಪ್ಲೇಟು ಹೊರಬಂತು. ಹಂಚಿನಷ್ಟು ಅಗಲ, ಎರಡೂ ಬದಿಯ ಪಟ್ಟಿ ಸವೆದು ಹೋಗಿ ರಿವೆಟ್ಟುಗಳು ಹಲ್ಲು ಕಿಸಿದಿದ್ದವು, ಉಕ್ಕು ನೀಲಿಗಟ್ಟಿತ್ತು. ವಿಶ್ವನಾಥ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಜನರತ್ತ ತಿರುಗಿದ. ಮರಾಠಿಯಲ್ಲಿ ಹೇಳಿದರೆ ರುಚಿ ಕೆಡುತ್ತದೆ ಎಂದುಕೊಂಡನೇನೋ, ಅದೊಂದನ್ನು ಕನ್ನಡದಲ್ಲೇ ಹೇಳಿದ.

"ಡ್ರೈವರ್ ಸುಟ್ಟಾ ಅಂದ್ರಿ ಹೌದಿಲ್ಲೋ, ಪಾಟೀಲ? ಪಗಾರದ ಮನಷ್ಯಾ ಹಿಂಗ ಸುಡೂದಿಲ್ಲ. ಅಂವಗ ಬೈಗುಳದ ಅಂಜಿಕಿ ಇರತದ, ಕಾಲ ಎತ್ತತಾನ. ಇದು ಮಾಲಕರ ಕಾಲು!"

ಭೀಮಶಾ ಕಟ್ಟೆಯ ಮೇಲೆ ಹಿಂದಕ್ಕೆ ಬಿದ್ದು ನಕ್ಕ. ಅವನನ್ನು ನೋಡಿ ಉಳಿದವರೂ ನಕ್ಕರು, ಪಾಟೀಲನ ಅನ್ನ ತಿನ್ನುವ ಆಳುಗಳು ಮುಖ ಆ ಕಡೆ ಮಾಡಿ ನಕ್ಕರು. ಬಸಣ್ಣನಿಗೆ ಬಿದ್ದ ಏಟು ಸುಳ್ಳಿನ ಏಟು ಎಂದು ಅವರಿಗೆ ಮೊದಲೇ ಅನುಮಾನವಿತ್ತು, ಈಗ ಖಾತ್ರಿಯಾಯಿತು. ಪಾಟೀಲ ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬಂದ. ಮೇಸ್ತ್ರಿಯನ್ನು ಓಡಿಸಿದರೆ ಜೀಪು ಬಿಚ್ಚಿದ್ದು ಬಿಚ್ಚಿದಂತೆಯೇ ಉಳಿಯುತ್ತದೆ. ಅವನು ಆ ನಗುವನ್ನು ನುಂಗಿಕೊಂಡ. ನುಂಗಿದ್ದು ಹೊಟ್ಟೆಯಲ್ಲಿ ಕರಗಲಿಲ್ಲ.

ಸೊಲ್ಲಾಪುರದಿಂದ ಹೊಸ ಪ್ಲೇಟು ಬಂತು. ವಿಶ್ವನಾಥ ಒಂದು ಹಳೆಯ ಶಾಫ್ಟ್ ತುಂಡು ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸಿದ, ಬೋಲ್ಟು ಬಿಗಿದ, ಗೇರ್‌ಬಾಕ್ಸು ಮೇಲೇರಿಸಿದ. ಅವನ ಬಾಯಿ ಎಷ್ಟು ಒರಟೋ ಕೈ ಅಷ್ಟು ಮೆತ್ತಗೆ, ಇದನ್ನು ಯಾರಾದರೂ ಒಪ್ಪಬೇಕು. ಉಳಿದದ್ದು ಪೆಡಲಿನ ಅಂದಾಜು. ಅದಕ್ಕೆ ಒಬ್ಬ ಮೇಲೆ ಕೂತು ಪೆಡಲು ಒತ್ತಬೇಕು, ಬಿಡಬೇಕು, ಕೆಳಗಿದ್ದವನು ಸರಳಿನ ನಟ್ಟು ಅಷ್ಟಿಷ್ಟು ತಿರುಗಿಸಬೇಕು. ಡ್ರೈವರನನ್ನು ಹೊಡೆದು ಕಳಿಸಿಯಾಗಿತ್ತು. ಊರಿನಲ್ಲಿ ಗಾಡಿಯ ಮೇಲೆ ಕೂತು ಗೊತ್ತಿದ್ದವನು ಪಾಟೀಲ ಒಬ್ಬನೇ. ಹೀಗಾಗಿ ಅವನೇ ಕೂತ.

"ದಾಬಾ," ಎಂದ ವಿಶ್ವನಾಥ ಕೆಳಗಿನಿಂದ. ಪಾಟೀಲ ಒತ್ತಿದ.

"ಸೋಡಾ." ಪಾಟೀಲ ಬಿಟ್ಟ. ಬಿಟ್ಟೆನೆಂದು ಅವನು ಅಂದುಕೊಂಡ, ಕಾಲು ಅರ್ಧಕ್ಕೇ ನಿಂತಿತ್ತು.

"ಪಾಯ್ ಉಚಲಾ, ಪಾಟೀಲ! ಕಾಲ ಮ್ಯಾಲ ಎತ್ರಿ! ಪೂರಾ!"

ಒತ್ತು, ಬಿಡು, ಎತ್ತು. ಒಂದನೇ ಇಯತ್ತೆಯ ಹುಡುಗನಿಗೆ ಮಗ್ಗಿ ಹೇಳಿಸಿದ ಹಾಗೆ ವಿಶ್ವನಾಥ ಮಾಡಿಸಿದ. ಬಿಸಿಲು ಏರಿತು. ಗೋಡೆಯ ಮೇಲೆ ಸಾಲಾಗಿ ಕೂತ ಮಕ್ಕಳಿಗೆ ಅದು ಬಾಯಿಪಾಠ ಆಯಿತು. ವಿಶ್ವನಾಥ ಸೋಡಾ ಎಂದ ಕೂಡಲೇ ಅವರು ಒಟ್ಟಿಗೆ "ಪಾಯ್ ಉಚಲಾ!" ಎಂದು ಕೂಗಿದರು. ಮೂರನೆಯ ಸಲಕ್ಕೆ ಕಟ್ಟೆಯ ಮೇಲಿನ ಭೀಮಶಾನೂ ದನಿ ಸೇರಿಸಿದ. ಪಾಟೀಲನಿಗೆ ಕುಂಭಾರಿ ಸ್ಟ್ಯಾಂಡು ಮತ್ತೆ ಕಣ್ಣ ಮುಂದೆ ಬಂತು. ಆವತ್ತು ಎತ್ತಿನ ಹಿಂದೆ ಕೂತಿದ್ದೆ, ಇವತ್ತು ನಾನೇ ಎತ್ತು, ಎಂದುಕೊಂಡ. ಮೈಯೆಲ್ಲ ಉರಿಯುತ್ತಿತ್ತು.

"ಆತು, ಈಗ ಚಾಲೂ ಮಾಡಿ ಮೊದಲನೇ ಗೇರಿಗೆ ಹಾಕ್ರಿ, ಕ್ಲಚ್ ಪೂರಾ ಒತ್ತಿ ಹಿಡೀರಿ," ಎಂದ ವಿಶ್ವನಾಥ. ಪೆಡಲು ಒತ್ತಿರುವಾಗ ಗಾಡಿ ಒಂದಿಷ್ಟೂ ಮುಂದಕ್ಕೆ ತೆವಳಬಾರದು, ಅದನ್ನು ನೋಡಿಯೇ ಕೊನೆಯ ನಟ್ಟು ಬಿಗಿಯುವುದು. ಮುದುಕ ಕಲ್ಯಾಣಪ್ಪ, ವಾಡೆಯ ಹಳೆಯ ಆಳು, ಗಾಲಿಗೆ ಕೊಡಲು ಎರಡು ಕಲ್ಲು ಹೊತ್ತು ತಂದ. "ವಿಶ್ವನಾಥ ಕಟ್ಟಿದ ಕ್ಲಚ್ಚಿಗೆ ಕಲ್ಲ ಯಾಕೋ ಅಜ್ಜಾ? ನಿನ್ನ ತಲಿ ಮ್ಯಾಲ ಇಟ್ಕೋ" ಎಂದು ಮೇಸ್ತ್ರಿ ಅವನನ್ನೂ ಗೇಲಿ ಮಾಡಿ, ಹಿಂದಿನ ಗಾಲಿಯ ಮುಂದೆ ಮಗ್ಗುಲಾಗಿ ಮಲಗಿ ಬಲಗೈಯನ್ನು ಒಳಕ್ಕೆ ಚಾಚಿದ.

ಇಂಜಿನ್ ಗುರುಗುಟ್ಟುತ್ತಿತ್ತು. ಗಾಡಿ ಕದಲಲಿಲ್ಲ, ಕೆಲಸ ಅಷ್ಟು ಚೊಕ್ಕ. ಪಾಟೀಲ ಕಾಲೊತ್ತಿ ಹಿಡಿದು ಬಗ್ಗಿ ಕೇಳಿದ: "ಬಂತೇನು?"

"ಹೋ!" ಎಂದ ವಿಶ್ವನಾಥ.

ಬಂತು, ಹೌದು, ಸರಿಯಾಯಿತು ಎಂದು ಅದರ ಅರ್ಥ. ಪಾಟೀಲನಿಗೆ ಅದು ತಿಳಿಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಹುರುಳಿಲ್ಲ, ಅವನಿಗೆ ಪೂರ್ತಿ ತಿಳಿಯಿತು. ಮೂರು ದಿನದಿಂದ ಕೇಳುತ್ತಿದ್ದ ಅದೇ ಹೋ. ಆದರೆ ಅದರ ಬೆನ್ನಿಗೇ ಆ ಮಾತಿನ ಇನ್ನೊಂದು ಅರ್ಥವೂ ಅವನಿಗೆ ಹೊಳೆಯಿತು. ಬಿದ್ದ ಚಿಗರಿಯ ಮುಂದೆ ನಿಂತು, ನಾನೇನು ಗುಂಡು ಹಾರಿಸಿದೆನೇ ಎನ್ನುವಾಗ ಬರುವ ಸುಖ ಬಂದು ಎದೆಯೊಳಗೆ ಕೂತಿತು. ಅವನು ಎಡಗಾಲನ್ನು ಎತ್ತಿದ. ಬಸಣ್ಣ ಕೈಮುಗಿದು ಬೇಡಿದರೂ ಆಗದ ಕೆಲಸ, ಮೇಸ್ತ್ರಿ ಬಾಯಿ ಬಡಿದುಕೊಂಡರೂ ಆಗದ ಕೆಲಸ, ಆಗ ಆಯಿತು. ಕಾಲು ಪೂರ್ತಿ ಮೇಲೆದ್ದಿತು.

ಹೊಸ ಪ್ಲೇಟು ಗಪ್ಪನೆ ಹಿಡಿಯಿತು. ಜೀಪು ಒಂದು ಮೊಳ ಜಿಗಿದು ನಿಂತಿತು. ಗೋಡೆಯ ಮೇಲಿನ ಮಕ್ಕಳು ಪಾಯ್ ಉಚಲಾ ಎನ್ನಲು ಬಾಯಿ ತೆರೆದಿದ್ದರು, ತೆರೆದ ಬಾಯಿ ಹಾಗೇ ಉಳಿಯಿತು. ಗಾಲಿಯ ಕೆಳಗೆ ಮೊಣಕೈಯಿಂದ ಬೆರಳಿನವರೆಗೆ ಏನಿತ್ತೋ ಅದು ಈಗ ಕೈಯಾಗಿ ಉಳಿದಿರಲಿಲ್ಲ. ವಿಶ್ವನಾಥ ಕೂಗಿದ್ದು ಯಾವ ಭಾಷೆಯಲ್ಲೂ ಇರಲಿಲ್ಲ.

ಪಾಟೀಲ ಏನಾದರೂ ಹೇಳುವ ಮುಂಚೆಯೇ ಪಡಸಾಲೆಯಲ್ಲಿ ನಿಂತಿದ್ದ ಅಕ್ಕನಾಗಮ್ಮ ಎದೆ ಬಡಿದುಕೊಂಡು ಅಂದಳು: "ಅಯ್ಯ ನನ ಶಿವನ! ಅಂವ ಹೋ ಅಂದ, ಇವರು ಹೋದ್ರು!" ಗಂಡನನ್ನು ಉಳಿಸಬೇಕೆಂದು ಅಂದಳೋ, ಹಾಗೆಯೇ ನಂಬಿ ಅಂದಳೋ, ಆ ತಾಯಿಗೇ ಗೊತ್ತು. ಮಾತು ಮಾತ್ರ ಒಂದು ಬಾಯಿಂದ ಇನ್ನೊಂದು ಬಾಯಿಗೆ ಅಂಗಳ ದಾಟಿತು. ಹೌದಲ್ಲ, ಹೋ ಅಂದ. ನಾವೂ ಕೇಳಿದಿವಿ. ಹೋ ಅಂದಾನ. ಕಟ್ಟೆಯ ಮೇಲಿನ ಭೀಮಶಾ ಮಾತ್ರ ಪಾಟೀಲನ ಮುಖವನ್ನೇ ನೋಡುತ್ತಿದ್ದ.

ಸೊಲ್ಲಾಪುರದ ದವಾಖಾನೆಗೆ ವಿಶ್ವನಾಥನನ್ನು ಅದೇ ಜೀಪಿನಲ್ಲಿ ಒಯ್ದರು, ಬೇರೆ ಗಾಡಿ ಇರಲಿಲ್ಲ. ಓಡಿಸಿದವನು ಪಾಟೀಲ. ಹಿಂದೆ ಕಲ್ಯಾಣಪ್ಪನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಕೈ, ಅದರ ಒಡೆಯ ನರಳುತ್ತ ಮಲಗಿದ್ದ. ಕುಂಭಾರಿ ದಾಟುವಾಗ ಗೇರು ಬದಲಿಸಿದ ಪಾಟೀಲನಿಗೆ ಕ್ಲಚ್ಚು ಬೆಣ್ಣೆಯ ಹಾಗೆ ಇಳಿಯುತ್ತಿರುವುದು ಗಮನಕ್ಕೆ ಬಂತು. ಕೆಲಸಗಾರ ಹೌದು, ಎಂದುಕೊಂಡ. ಆ ಹೊತ್ತಿನಲ್ಲೂ ಅವನ ಎಡಗಾಲು ಕ್ಲಚ್ಚಿನ ಮೇಲೆಯೇ ಇತ್ತು.

ಕೈಯನ್ನು ಮೊಣಕೈಯ ಕೆಳಗೆ ತೆಗೆದರು. ಪೊಲೀಸ್ ಜಮಾದಾರನೊಬ್ಬ ಮಂಚದ ಹತ್ತಿರ ಬಂದು ಟೋಪಿ ತೆಗೆದು ಕೂತ. ಹತ್ತು ಜನ ಹೇಳಿದ್ದು ಒಂದೇ ಮಾತಾಗಿತ್ತು, ಅದನ್ನು ಇವನ ಬಾಯಿಂದಲೂ ಕೇಳಿಬಿಟ್ಟರೆ ಅವನ ಕೆಲಸ ಮುಗಿಯುತ್ತಿತ್ತು. ಮರಾಠಿಯಲ್ಲಿ ಕೇಳಿದ, "ಹೋ ಮ್ಹಣಾಲಾಸ ಕಾ?" ಹೋ ಅಂದಿದ್ದೆಯೇನು, ಎಂದು.

ವಿಶ್ವನಾಥ ಲೆಕ್ಕ ಹಾಕಿದ. ಅಂದದ್ದು ಖರೆ. ಇಲ್ಲ ಎಂದರೆ ಸುಳ್ಳಾಗುತ್ತದೆ, ಹೌದು ಎಂದರೆ ಅದಕ್ಕಿಂತ ದೊಡ್ಡ ಸುಳ್ಳಾಗುತ್ತದೆ. ಜಮಾದಾರ ಮತ್ತೆ ಕೇಳಿದ.

"ಹೋ," ಎಂದ ವಿಶ್ವನಾಥ.

ಜಮಾದಾರನಿಗೆ ನಗು ತಡೆಯಲಾಗಲಿಲ್ಲ. ಮೀಸೆಯ ಮೇಲೆ ಕೈ ಇಟ್ಟುಕೊಂಡು ಎದ್ದು ಹೋದ.

ಪಾಟೀಲ ನೋಡಲು ಬಂದ, ಬಾರದಿದ್ದರೆ ಜನ ಏನೆಂದಾರು! ಬಾಳೆಹಣ್ಣಿನ ಗೊನೆ ತಂದಿದ್ದ. ವಿಶ್ವನಾಥನ ಹೆಂಡತಿ ಗೋಪಿಕಾ ಗಂಡನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಪಾಟೀಲ ಸ್ಟೂಲಿನ ಮೇಲೆ ಕೂತು ಲೊಚಗುಟ್ಟಿದ. "ನೋಡಪಾ ಮೇಸ್ತ್ರಿ, ಹಣೆಬರಾ. ನೆಟ್ಟಗ ಕನ್ನಡದಾಗ ಮಾತಾಡಿದ್ರ ಹಿಂಗ ಆಗತಿದ್ದಿಲ್ಲ. ಇನ್ನ ಮ್ಯಾಲರ ಕನ್ನಡದಾಗ ಮಾತಾಡು." ವಿಶ್ವನಾಥ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆ ಮುಖದಲ್ಲಿ ಏನು ಕಂಡಿತೋ, ಎಡಗೈಯಿಂದ ಚಮಚ ಪಕ್ಕಕ್ಕೆ ಸರಿಸಿದ. ಆದರೂ ಅವನು ತಲೆಯಾಡಿಸಿದ.

ಆಮೇಲೆ ಪಾಟೀಲನಿಗೆ ಒಂದು ವರ್ಷ ಸುಗ್ಗಿ. ಎತ್ತಿನ ಹಿಂದೆ ಬಂದ ಕತೆ, ಮಾಲಕರ ಕಾಲಿನ ಕತೆ, ಎಲ್ಲವನ್ನೂ ಈ ಹೊಸ ಕತೆ ಅಳಿಸಿಹಾಕಿತು. ಅಕ್ಕಲಕೋಟೆಯ ಮಾವನ ಮನೆಯ ಪಂಕ್ತಿಯಲ್ಲಿ ಕೂತು ತಾನೇ ಅಭಿನಯಿಸಿ ಹೇಳುತ್ತಿದ್ದ. "ನಾ ಬಂತೇನು ಅಂದ್ಯಾ. ಹೋ ಅಂದ. ಹೋ ಅಂದ ಮ್ಯಾಲ ಹೋಗಲಿಕ್ಕೇ ಬೇಕಲ್ಲ, ಮೇಸ್ತ್ರಿ ಮಾತು!" ಭಾವಮೈದುನರು ತಾಟಿನ ಮೇಲೆ ಉಗುಳು ಬೀಳುವಂತೆ ನಗುತ್ತಿದ್ದರು. ಅಕ್ಕನಾಗಮ್ಮ ತುಪ್ಪದ ಗಿಂಡಿ ಹಿಡಿದು ನಿಂತಿರುತ್ತಿದ್ದಳು. ಮೊದಲ ಸಲ ಅವಳೂ ನಕ್ಕಳು, ಎರಡನೆಯ ಸಲ ಗಂಡನ ಕಣ್ಣು ನೋಡಿ ಒಳಗೆ ಹೋದಳು.

ಕಾಲು ಮಾತ್ರ ಏನನ್ನೂ ಕಲಿತಿರಲಿಲ್ಲ. ಮರುವರ್ಷ ಅದೇ ಭಾವಮೈದುನರನ್ನು ಹತ್ತಿಸಿಕೊಂಡು ಚಿಗರಿ ಓಡಿಸಿ ತೋರಿಸಲು ಅಕ್ಕಲಕೋಟೆಯ ರಸ್ತೆಯಿಂದ ಕೆಳಗಿಳಿದ. ಒಂದು ಹಳ್ಳದ ಉಸುಕಿನಲ್ಲಿ ಗಾಲಿ ಕೂತಿತು. ಅದೇ ಅರಚಾಟ, ಅದೇ ವಾಸನೆ, ಅದೇ ಹೊಗೆ. ಭಾವಮೈದುನರು ಮೂಗು ಮುಚ್ಚಿಕೊಂಡು ಬಸ್ಸಿಗೆ ಹೋದರು. ಪಾಟೀಲ ಮೇಸ್ತ್ರಿಗಳಿಗೆ ಹೇಳಿ ಕಳಿಸಿದ. ಆ ವಾಡೆಯ ಹೆಸರು ಕೇಳಿದರೆ ಸೊಲ್ಲಾಪುರದ ಒಬ್ಬ ಮೇಸ್ತ್ರಿಯೂ ಬರಲೊಲ್ಲ. "ನಮಗ ಕೈ ಬೇಕಾಗ್ಯಾವ" ಎಂದರು. ಎತ್ತು ಕಟ್ಟುವುದಂತೂ ಇಲ್ಲ, ಆಣೆ ಇದೆ. ಕಡೆಗೆ ಗುರುತಿಲ್ಲದ ಒಂದು ಲಾರಿಯ ಹಿಂದೆ ಸರಪಳಿ ಬಿಗಿಸಿಕೊಂಡು, ಕುಂಭಾರಿ ಬಂದಾಗ ತಲೆ ಬಗ್ಗಿಸಿ ಕೂತು, ಸೊಲ್ಲಾಪುರ ಮುಟ್ಟಿದ. ಲಾರಿ ಅವನನ್ನು ಗ್ಯಾರೇಜುಗಳ ಸಾಲಿನಲ್ಲಿ ಬಿಟ್ಟು ತನ್ನ ದಾರಿ ಹಿಡಿಯಿತು.

ಮೊದಲ ಗ್ಯಾರೇಜಿನವನು ಜೀಪನ್ನು ನೋಡಿ ಕೈ ಒರೆಸಿಕೊಂಡ. "ಕ್ಲಚ್ಚಾ? ವಿಶ್ವನಾಥ ಮೇಸ್ತ್ರಿ ಕಡೆ ಹೋಗ್ರಿ." ಎರಡನೆಯವನೂ ಅದನ್ನೇ ಅಂದ. ಮೂರನೆಯವನು ಬಾಯಿಂದಲೂ ಹೇಳಲಿಲ್ಲ, ಗದ್ದ ಎತ್ತಿ ಬೀದಿಯ ಕೊನೆ ತೋರಿಸಿದ.

ಕೊನೆಯಲ್ಲಿ ವಿಶ್ವನಾಥ ಕುರ್ಚಿ ಹಾಕಿಕೊಂಡು ಕೂತಿದ್ದ, ಬಲಗೈ ತೋಳನ್ನು ಮಡಿಸಿ ಪಿನ್ನು ಹಾಕಿತ್ತು. ಅವನ ಮುಂದೆ ಒಂದು ಟ್ರಕ್ಕಿನ ಕೆಳಗೆ ಬಸಣ್ಣ ಮಲಗಿದ್ದ. ಕುರ್ಚಿಯ ಮೇಲಿನವನು ಹೇಳುತ್ತಿದ್ದ, ಕೆಳಗಿನವನು ಬಿಗಿಯುತ್ತಿದ್ದ. ಪಾಟೀಲನನ್ನು ಕಂಡು ಬಸಣ್ಣ ಒಮ್ಮೆ ತಲೆ ಹೊರಹಾಕಿ, ಮತ್ತೆ ಒಳಗೆಳೆದುಕೊಂಡ.

"ಕ್ಲಚ್ ಮತ್ತ ಹೋತು, ಮೇಸ್ತ್ರಿ," ಎಂದ ಪಾಟೀಲ. ಆದಷ್ಟು ಮೆತ್ತಗೆ ಅಂದ. "ಮಾಡಿ ಕೊಡ್ತೀಯೇನು?"

"ಹೋ," ಎಂದ ವಿಶ್ವನಾಥ.

ಪಾಟೀಲನ ಎದೆ ಹಗುರಾಯಿತು. ಇಷ್ಟೇನೇ, ಎಂದುಕೊಂಡ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಬೀಡಿ ಹಚ್ಚಿದ. ಟ್ರಕ್ಕಿನ ಕೆಲಸ ಮುಗಿಯಿತು, ಟ್ರಕ್ಕು ಹೋಯಿತು. ಇನ್ನೊಂದು ಗಾಡಿ ಬಂತು, ಅದರ ಕೆಲಸವೂ ಶುರುವಾಯಿತು. ಗಿರಣಿಯ ಭೋಂಗಾ ಕೂಗಿ, ಬುತ್ತಿ ಹಿಡಿದವರು ಒಳಗೆ ಹೋಗಿ, ಮೊದಲಿದ್ದವರು ಹೊರಗೆ ಬಂದರು. ಬೆಂಚಿನ ಮೇಲೆ ಬಿಸಿಲು ಬಂತು, ಪಾಟೀಲ ಸರಿದು ಕೂತ. ಬಿಸಿಲೂ ಸರಿದು ಬಂತು. ಯಾರೂ ಅವನತ್ತ ನೋಡಲಿಲ್ಲ, ನೀರು ಬೇಕೇನು ಎಂದು ಕೇಳಲಿಲ್ಲ. ಅಂಥ ಊರ ಪಾಟೀಲ ಅಲ್ಲಿ ಬಿದ್ದ ಹಳೆಯ ಟಾಯರಿನಂತೆ ಸಂಜೆಯ ತನಕ ಬಿದ್ದಿದ್ದ.

ಕಡೆಗೆ ಎದ್ದು ಬಂದು ಕುರ್ಚಿಯ ಮುಂದೆ ನಿಂತ. "ಏನೋ ಇದು? ಮುಂಜಾನೆ ಕೇಳಿದಾಗ ಹೋ ಅಂದೆಲ್ಲಾ?"

"ಅಂದೀನ್ರಿ," ಎಂದ ವಿಶ್ವನಾಥ. ಅವನ ಮಾತಿನಲ್ಲಿ ಈಗ ಮರಾಠಿಯ ಒಂದು ಎಳೆಯೂ ಇರಲಿಲ್ಲ. "ದವಾಖಾನ್ಯಾಗ ನೀವ ಹೇಳಿದ್ರೆಲ್ಲಾ, ಇನ್ನ ಮ್ಯಾಲ ಕನ್ನಡದಾಗ ಮಾತಾಡು ಅಂತ. ಕನ್ನಡದಾಗನ ಅಂದೀನಿ."

ಗಾಡಿಯ ಕೆಳಗೆ ಬಸಣ್ಣನ ಪಾನಾ ಸಪ್ಪಳ ನಿಂತಿತು. ಪಾಟೀಲ ಒಂದು ಹೆಜ್ಜೆ ಹಿಂದೆ ಸರಿದ. ತಿಳಿಯಲಿಲ್ಲ ಎಂದು ಹೇಳುವ ದಾರಿಯನ್ನು ಅವನೇ ಒಂದು ವರ್ಷದ ಹಿಂದೆ ಬಳಸಿ ಮುಗಿಸಿದ್ದ.

ಬೀದಿಗೆ ಬಂದು ಲಾರಿಗಳಿಗೆ ಕೈ ಮಾಡಿದ. ಎಲ್ಲ ಲಾರಿಯವರೂ ಆ ಸಾಲಿನ ಗಿರಾಕಿಗಳೇ, ಒಬ್ಬನೂ ನಿಲ್ಲಿಸಲಿಲ್ಲ. ನಿಂತದ್ದು ಭೀಮಶಾನ ಬಂಡಿ. ಪೇಟೆಯಲ್ಲಿ ಕಡಲೆ ಇಳಿಸಿ ಹೊರಟಿದ್ದ, ಸುದ್ದಿ ಅಲ್ಲೇ ತಿಳಿದು ಬೇಕೆಂದೇ ಈ ಬೀದಿಗೆ ಬಂದಿದ್ದ. ಬಂಡಿಯನ್ನು ಅಲ್ಲಿಯೇ ಬಿಟ್ಟು ಖಿಲಾರಿ ಜೋಡಿಯನ್ನು ಜೀಪಿಗೆ ಕಟ್ಟಿದ. ಪಾಟೀಲ ಬೇಡ ಎನ್ನಲಿಲ್ಲ. ಜೀಪು ಬಿಟ್ಟು ಹೋದರೆ ಬೆಳಗಾಗುವಷ್ಟರಲ್ಲಿ ಅದರ ಗಾಲಿಯೂ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆಣೆ ನೆನಪಿದ್ದೂ ಏರಿ ಕೂತು ಸ್ಟೇರಿಂಗ್ ಹಿಡಿದ.

"ಈ ಸಲ ಹಲಗಿ ಬ್ಯಾಡ ಬಿಡು," ಎಂದ ಭೀಮಶಾ, ಮುಂದಿನ ಬಾನೆಟ್ಟಿನ ಮೇಲೆ ಹಗ್ಗ ಹಿಡಿದು ಕೂತು.

ಕುಂಭಾರಿ ಸ್ಟ್ಯಾಂಡಿನಲ್ಲಿ ಇನ್ನೂ ದೀಪದ ಬೆಳಕಿತ್ತು. ಅಕ್ಕಲಕೋಟೆಯ ಬಸ್ಸು ನಿಂತಿತ್ತು, ಚಹಾದಂಗಡಿಯ ಮುಂದೆ ಜನರಿದ್ದರು. ಅವರು ತಿರುಗಿ ನೋಡಿದರು. ಭೀಮಶಾ ಅವರ ನಟ್ಟನಡುವೆ ಹಗ್ಗ ಬಿಗಿ ಹಿಡಿದು ಎತ್ತುಗಳಿಗೆ ಉದ್ದಕ್ಕೆ ಕೂಗಿದ:

"ಹೋ..."

ಎತ್ತು ನಿಂತವು. ಜೀಪಿನೊಳಗೆ ಶಿವಶರಣಪ್ಪನ ಎಡಗಾಲು ಕ್ಲಚ್ಚಿನಿಂದ ತಟಕ್ಕನೆ ಮೇಲೆದ್ದಿತು. ಅವನು ಎತ್ತಿರಲಿಲ್ಲ, ಅದು ತಾನೇ ಎದ್ದಿತು. ಕೆಳಗಿಳಿಸಲು ನೋಡಿದ, ಇಳಿಯಲಿಲ್ಲ. ಚಹಾದಂಗಡಿಯವರು ನಗತೊಡಗಿದ್ದರು. ಭೀಮಶಾ ಹಿಂದೆ ತಿರುಗಿ ಆ ಕಾಲನ್ನು ನೋಡಿದ, ಆಮೇಲೆ ಒಂದು ವರ್ಷದ ಹಿಂದೆ ಕಟ್ಟೆಯ ಮೇಲಿಂದ ನೋಡಿದ್ದ ಅದೇ ಮುಖವನ್ನು ನೋಡಿದ. ಅವನೊಬ್ಬ ನಗಲಿಲ್ಲ.

"ಆವತ್ತ ಗೊತ್ತಿತ್ತು ನಿನಗ," ಎಂದು ಮೆಲ್ಲಗೆ ಅಂದು, ಅವನನ್ನು ಹಾಗೇ ಕೂರಿಸಿ ಚಹಾ ಕುಡಿಯಲು ಇಳಿದು ಹೋದ.